ಮೊದಲು ಮಾತು ಬರೆಯಿರಿ, ಆಮೇಲೆ ಮುಖ

ಮೊನ್ನೆ ಒಬ್ಬ ಹುಡುಗ ಆರು ಕಾಮಿಕ್ ಸ್ಟ್ರಿಪ್, ಅಂದರೆ ಸಾಲು ಚೌಕಗಳ ಚಿತ್ರಕಥೆ, ತಂದು ಮೇಜಿನ ಮೇಲೆ ಹರಡಿದ. ಗೆರೆ ಎಷ್ಟು ಚೆಂದ ಅಂದರೆ, ರೇಷನ್ ಅಂಗಡಿ ಮುಂದೆ ನಿಂತ ಅಜ್ಜನ ಪಂಚೆಯ ಮಡಿಕೆ ನೋಡಿಯೇ ಅವರು ಬೆಳಗ್ಗೆಯಿಂದ ಕಾಯುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಆದರೆ ಅಂಗಡಿಯವನ ತಲೆ ಮೇಲೆ ಉಳಿದಿದ್ದ ಬೆರಳಗಲ ಜಾಗದಲ್ಲಿ ಹತ್ತು ಪದ ತುರುಕಿದ್ದ. 'ಸಕ್ಕರೆ'ಯ ಒತ್ತು ಕೆಳಗಿನ ಸಾಲಿನ 'ಸಿಗುತ್ತಿತ್ತು' ಗುಡಿಸಿಗೆ ತಾಗಿ ಎರಡೂ ಓದಲಾಗುತ್ತಿರಲಿಲ್ಲ.

"ಜಾಗ ಸಾಲಲಿಲ್ಲ ಸರ್, ಅಕ್ಷರ ಸಣ್ಣದು ಮಾಡಿದೆ" ಅಂದ. ಬರುವವರೆಲ್ಲ ಇದನ್ನೇ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಇಂಗ್ಲಿಷ್ ಸ್ಟ್ರಿಪ್ ನೋಡಿ ಕಲಿತವರಿಗೆ ಈ ಕಷ್ಟ ಜಾಸ್ತಿ. ಅಲ್ಲಿ ಬಲೂನಿನೊಳಗೆ, ಅಂದರೆ ಮಾತು ಬರೆಯುವ ಗುಳ್ಳೆಯೊಳಗೆ, ಹೆಚ್ಚಾಗಿ ಬರೀ ಕ್ಯಾಪಿಟಲ್ ಅಕ್ಷರ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ, ಸಾಲಿಗೆ ಸಾಲು ಒತ್ತಿ ಕೂರಿಸಬಹುದು. ನಮ್ಮದು ಹಾಗಲ್ಲ ಅಲ್ವಾ? ಮೇಲೆ ಗುಡಿಸು, ಕೆಳಗೆ ಒತ್ತು. ಪದವೂ ಉದ್ದ. ಸಾಲದ್ದಕ್ಕೆ ಪತ್ರಿಕೆಯ ಕಾಗದ ಶಾಯಿ ಹೀರುತ್ತದೆ. ಅಕ್ಷರ ಸಣ್ಣದಾದರೆ ದ, ಧ, ಥ ಮೂರೂ ಒಂದೇ ಥರ ಕಾಣುತ್ತವೆ.

ಅದಕ್ಕೇ ಮಾತು ಮೊದಲು. ಖಾಲಿ ಚೌಕದಲ್ಲಿ ಅಕ್ಷರ ಬರೆಯಿರಿ, ಸುತ್ತ ಬಲೂನ್ ಎಳೆಯಿರಿ, ಉಳಿದ ಜಾಗದಲ್ಲಿ ಅಜ್ಜನನ್ನು ನಿಲ್ಲಿಸಿ. ಹೀಗೆ ಮಾಡಿದರೆ ಮಾತು ತಾನಾಗಿಯೇ ಚಿಕ್ಕದಾಗುತ್ತದೆ. ಆ ಹುಡುಗ ಬರೆದದ್ದು, "ನೀವು ನಿನ್ನೆಯೇ ಬಂದಿದ್ದರೆ ಸಕ್ಕರೆ ಖಂಡಿತವಾಗಿ ಸಿಗುತ್ತಿತ್ತು, ಇವತ್ತು ಎಲ್ಲ ಮುಗಿದುಹೋಗಿದೆ ಅಜ್ಜಾ." ಇಬ್ಬರೂ ಕೂತು ಹೊಡೆದು ಹಾಕಿ "ನಿನ್ನೆ ಬರಬೇಕಿತ್ತು ಅಜ್ಜಾ" ಅಂತ ಮಾಡಿದೆವು. ಖಾಲಿ ಚೀಲ ಕೈಯಲ್ಲೇ ಇದೆ, ಇನ್ನೇನು ಹೇಳಬೇಕು?

"ಲಕ್ಷ್ಮಣ್ ಅಷ್ಟೊಂದು ಮಾತು ಬರೆಯುತ್ತಿದ್ದರಲ್ಲ" ಅಂತ ಕೆಲವರು ವಾದಕ್ಕೆ ನಿಲ್ಲುತ್ತಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಶುರು ಮಾಡಿದ 'ಯೂ ಸೆಡ್ ಇಟ್' ಒಂದೇ ಚೌಕದ್ದು, ಮಾತು ಚಿತ್ರದ ಕೆಳಗೆ. ಅದರಲ್ಲಿ ಬರುವ ಶ್ರೀಸಾಮಾನ್ಯ ಅಂತೂ ಬಾಯಿಯೇ ಬಿಡುವುದಿಲ್ಲ. ಆ ಲೆಕ್ಕ ಬೇರೆ.

ಜಾಗದ ಇಕ್ಕಟ್ಟು ಅಂದರೆ ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಅವರನ್ನು ನೋಡಿ. 1950ರಲ್ಲಿ ಅವರ 'ಪೀನಟ್ಸ್' ಸ್ಟ್ರಿಪ್ ಶುರುವಾದಾಗ ನಾಲ್ಕು ಸಮ ಚೌಕ, ಪತ್ರಿಕೆಯವರು ಅಡ್ಡಕ್ಕೋ ಉದ್ದಕ್ಕೋ ಎರಡರ ಮೇಲೆ ಎರಡೋ ಹೇಗೆ ಬೇಕಾದರೂ ಜೋಡಿಸಿಕೊಳ್ಳಲಿ ಅಂತ. ಆ ಪುಟ್ಟ ಜಾಗದಿಂದಲೇ ಶುರು ಮಾಡಿ ಸುಮಾರು 50 ವರ್ಷದಲ್ಲಿ 17,897 ಸ್ಟ್ರಿಪ್ ಬರೆದರು. ಸಹಾಯಕರಿಲ್ಲ, ಅಕ್ಷರವೂ ಅವರದೇ ಕೈಯದು. ಅದಕ್ಕೂ ಮೊದಲು ಅವರು ಮಾಡಿದ ಕೆಲಸಗಳಲ್ಲಿ ಒಂದು, ಬೇರೆಯವರ ಕಾಮಿಕ್ಸ್‌ಗೆ ಬಲೂನಿನ ಅಕ್ಷರ ಬರೆಯುವುದು. ಇದನ್ನು ನಾನು ಎಲ್ಲ ಹುಡುಗರಿಗೂ ಹೇಳುತ್ತೇನೆ.

ಅಕ್ಷರ ಇಷ್ಟೇ ಮಿಲಿಮೀಟರ್ ಇರಲಿ ಅಂತ ನಾನು ಹೇಳಲಾರೆ, ಪತ್ರಿಕೆಯಿಂದ ಪತ್ರಿಕೆಗೆ ಕಾಲಂ ಅಳತೆ ಬೇರೆ. ಕಳಿಸುವ ಮುಂಚೆ ಅಚ್ಚಾಗುವ ಅಳತೆಗೇ ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಕನ್ನಡಕ ಹಾಕುವವರ ಕೈಗೆ ಕೊಡಿ. ಅವರು ಕಾಗದ ಹಿಂದೆ ಮುಂದೆ ಮಾಡಿದರೆ ಮತ್ತೆ ಬರೆಯಿರಿ.

ಆ ಹುಡುಗ ವಾರ ಬಿಟ್ಟು ಬಂದ. ಬಲೂನಿಗೆ ಜಾಗ ಬಿಟ್ಟು ಅಜ್ಜನನ್ನು ಸೊಂಟದಿಂದ ಮೇಲಷ್ಟೇ ಬಿಡಿಸಿದ್ದ. ಪಂಚೆ ಹೋಯಿತಲ್ಲ ಅಂತ ಅವನಿಗೆ ಬೇಜಾರು, ನನಗೂ. ನಾಲ್ಕನೇ ಚೌಕದಲ್ಲಿ ಮಾತೇ ಇಲ್ಲ ನೋಡು, ಪಂಚೆ ಅಲ್ಲಿ ಬಿಡಿಸು ಅಂದೆ.