ಕಾಯಂ ಆಗುವುದಿಲ್ಲ, ಆದರೂ ಅರ್ಜಿ ಹಾಕಿ

ಕೇಂದ್ರ ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ ಪ್ರಕಟಣೆ ಹೊರಬಿದ್ದಾಗಲೆಲ್ಲ ನಮ್ಮ ಪದವಿ ಕಾಲೇಜಿನ ವೃತ್ತಿ ಮಾರ್ಗದರ್ಶನ ಕೋಶಕ್ಕೆ ಬರುವ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿ, ಮೊದಲು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಇದು ಮುಂದೆ ಕಾಯಂ ಆಗುತ್ತದೆಯೇ?’ ಆಗುವುದಿಲ್ಲ ಎಂದ ಕೂಡಲೇ ಕೆಲವರು ಎದ್ದು ಹೊರಡುತ್ತಾರೆ. ಇನ್ನು ಕೆಲವರು ನನ್ನ ಮಾತಿಗೆ ತಲೆಯಾಡಿಸುತ್ತಾರಾದರೂ ಒಳಗೊಳಗೇ ನಂಬುವುದಿಲ್ಲ. ದೆಹಲಿಯ ಕಚೇರಿಯೊಳಗೆ ಒಮ್ಮೆ ಕಾಲಿಟ್ಟರೆ ಮುಂದಿನದೆಲ್ಲ ಹೇಗೋ ಆಗುತ್ತದೆ ಎಂಬ ಲೆಕ್ಕಾಚಾರದಲ್ಲೇ ಅರ್ಜಿ ಬರೆಯುತ್ತಾರೆ, ಮತ್ತು ಆ ಲೆಕ್ಕಾಚಾರ ಅರ್ಜಿಯ ಸಾಲು ಸಾಲಿನಲ್ಲೂ ಎದ್ದು ಕಾಣುತ್ತದೆ. ಎದ್ದು ಹೋದವರು ಒಳ್ಳೆಯ ಅವಕಾಶವೊಂದನ್ನು ಕಳೆದುಕೊಳ್ಳುತ್ತಾರೆ, ಉಳಿದವರು ಸಿಗಬಹುದಾಗಿದ್ದ ಅವಕಾಶವನ್ನು ತಮ್ಮ ಕೈಯಾರೆ ಕೆಡಿಸಿಕೊಳ್ಳುತ್ತಾರೆ. ಇಬ್ಬರ ತಪ್ಪುಗ್ರಹಿಕೆಯೂ ಒಂದೇ ಆಗಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬಿಡಿಸಿ ಹೇಳುತ್ತೇನೆ.

ನಿಯಮಗಳೆಲ್ಲವೂ ಸಚಿವಾಲಯದ ಜಾಲತಾಣದಲ್ಲಿವೆ. ಈ ಬರಹಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುವುದಾದರೆ, 2022ರ ಇಂಟರ್ನ್‌ಶಿಪ್ ನೀತಿಯಂತೆ ಅಭ್ಯರ್ಥಿ ಭಾರತದ ಪೌರರಾಗಿರಬೇಕು, ಇಂಟರ್ನ್‌ಶಿಪ್ ಮಾಡುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 25 ಮೀರಿರಬಾರದು, ಪದವಿ ಮುಗಿದಿರಬೇಕು ಅಥವಾ ಇಂಟರ್ನ್‌ಶಿಪ್ ಕಡ್ಡಾಯವಾಗಿರುವ ಪದವಿ ಕೋರ್ಸಿನ ಅಂತಿಮ ವರ್ಷದಲ್ಲಿ ಓದುತ್ತಿರಬೇಕು. ಅವಧಿ ಒಂದರಿಂದ ಮೂರು ತಿಂಗಳು. ತಿಂಗಳಿಗೆ 10,000 ರೂಪಾಯಿ ಗೌರವಧನವಿದೆ, ದೆಹಲಿಗೆ ಒಂದು ಬಾರಿ ಹೋಗಿ ಬರಲು ಎಕಾನಮಿ ದರ್ಜೆಯ ವಿಮಾನಯಾನದ ಖರ್ಚು ಸಿಗುತ್ತದೆ. ವಸತಿಯ ವ್ಯವಸ್ಥೆ ಅವರವರದೇ. ಮೊದಲು ಶೈಕ್ಷಣಿಕ ಅಂಕಗಳ ಆಧಾರದ ಮೇಲೆ ಪಟ್ಟಿಯಾಗುತ್ತದೆ, ನಂತರ ಸಂದರ್ಶನ ನಡೆಯುತ್ತದೆ. ಎಲ್ಲ ರಾಜ್ಯಗಳಿಗೂ ಪ್ರಾತಿನಿಧ್ಯ ಸಿಗುವಂತೆ ಆಯ್ಕೆ ನಡೆಯುವುದಲ್ಲದೆ, ಅಭಿವೃದ್ಧಿಯಲ್ಲಿ ಹಿಂದುಳಿದವೆಂದು ಕೇಂದ್ರ ಸರ್ಕಾರ ಗುರುತಿಸಿರುವ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳವರಿಗೆ ಆದ್ಯತೆ ಕೊಡುವುದಾಗಿ ಆ ನೀತಿಯಲ್ಲಿ ಹೇಳಲಾಗಿದೆ. ನಮ್ಮ ರಾಜ್ಯದಲ್ಲಿ ರಾಯಚೂರು ಮತ್ತು ಯಾದಗಿರಿ ಆ ಪಟ್ಟಿಯಲ್ಲಿವೆ. ಆ ಜಿಲ್ಲೆಗಳ ಮಕ್ಕಳಿಗೇ ಈ ಸಂಗತಿ ತಿಳಿದಿರುವುದಿಲ್ಲ ಎಂಬುದು ನನ್ನ ಹಳೆಯ ಬೇಸರಗಳಲ್ಲೊಂದು. ಷರತ್ತುಗಳು ಪ್ರಕಟಣೆಯಿಂದ ಪ್ರಕಟಣೆಗೆ ಬದಲಾಗಬಹುದಾದ್ದರಿಂದ ಚಾಲ್ತಿಯಲ್ಲಿರುವ ಪ್ರಕಟಣೆಯನ್ನೇ ನಂಬಬೇಕು, ನನ್ನ ಅಂಕಣವನ್ನಲ್ಲ.

ಈಗ ಆ ಪ್ರಶ್ನೆಗೆ ಬರೋಣ. ಕಾಯಂ ಆಗುತ್ತದೆಯೇ ಎಂದು ಕೇಳುವ ತಂದೆ ತಾಯಿಯರನ್ನು ನಾನು ದೂಷಿಸಲಾರೆ, ಏಕೆಂದರೆ ಆ ಪ್ರಶ್ನೆಯ ಹಿಂದೆ ಅವರು ಕಣ್ಣಾರೆ ಕಂಡ ಬದುಕಿದೆ. ದಿನಗೂಲಿಗೆ ಸೇರಿ, ಹತ್ತಾರು ವರ್ಷ ದುಡಿದು, ಕೊನೆಗೊಂದು ದಿನ ಕಾಯಮಾದವರು ನಮ್ಮ ತಾಲ್ಲೂಕು ಕಚೇರಿಗಳಲ್ಲಿ, ನಿಗಮ ಮಂಡಳಿಗಳಲ್ಲಿ ಒಂದು ತಲೆಮಾರಿನ ತುಂಬ ಇದ್ದರು. ಸರ್ಕಾರಿ ಕಟ್ಟಡದೊಳಗೆ ಹೇಗಾದರೂ ಒಂದು ಕುರ್ಚಿ ಹಿಡಿದು ಕುಳಿತರೆ ಕಾಲವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಹಾಗೆ. ಆದರೆ ಆ ನಂಬಿಕೆಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲೇ ಪೆಟ್ಟು ಕೊಟ್ಟಿದೆ, ಅದೂ ಕರ್ನಾಟಕದ್ದೇ ಪ್ರಕರಣದಲ್ಲಿ. ಉಮಾದೇವಿ ಪ್ರಕರಣವೆಂದು ಹೆಸರಾದ ಆ ತೀರ್ಪಿನ ಒಂದು ಎಳೆ ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ್ದು. ನಿಯಮಬದ್ಧ ಆಯ್ಕೆಯಿಲ್ಲದೆ ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ, ಸಾರ್ವಜನಿಕ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶವಿರಬೇಕೆಂಬ ಸಂವಿಧಾನದ ಆಶಯವನ್ನು ಹಿಂಬಾಗಿಲಿನಿಂದ ಮುರಿಯಲಾಗದು ಎಂಬುದು ಅದರ ತಿರುಳು. ಹತ್ತು ವರ್ಷ ದಾಟಿ ದುಡಿದ ಕೆಲವರ ವಿಷಯದಲ್ಲಿ ಒಂದು ಬಾರಿಯ ವಿನಾಯಿತಿಗೆ ದಾರಿ ಬಿಟ್ಟಿತ್ತಾದರೂ ಅದಕ್ಕೂ ಷರತ್ತುಗಳಿದ್ದವು. ನಾನು ವಕೀಲೆಯಲ್ಲ, ರಾಜ್ಯಶಾಸ್ತ್ರದ ಅಧ್ಯಾಪಕಿ; ಆ ತೀರ್ಪಿನ ಮುಂದಿನ ಕವಲುಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡುವುದಿಲ್ಲ. ಇಷ್ಟನ್ನು ಮಾತ್ರ ಗಮನಿಸಿ: ವರ್ಷಗಟ್ಟಲೆ ಸಂಬಳ ಪಡೆದು ದುಡಿದ ದಿನಗೂಲಿ ನೌಕರನಿಗೇ ಇಲ್ಲದ ಹಕ್ಕು, ಮೂರು ತಿಂಗಳು ಕಲಿಯಲು ಹೋದ ವಿದ್ಯಾರ್ಥಿಗೆ ಎಲ್ಲಿಂದ ಬರಬೇಕು? ಇಂಟರ್ನ್ ನೌಕರನೇ ಅಲ್ಲ. ಅವನ ಎದುರಿಗೆ ಮಂಜೂರಾದ ಹುದ್ದೆಯಿಲ್ಲ, ಸೇವಾ ಪುಸ್ತಕವಿಲ್ಲ, ಜ್ಯೇಷ್ಠತೆಯಿಲ್ಲ. ವಿದೇಶದಲ್ಲಿ ರಾಜತಾಂತ್ರಿಕರಿಗೆ 1961ರ ವಿಯೆನ್ನಾ ಒಪ್ಪಂದದಡಿ ಬಂಧನ, ಮೊಕದ್ದಮೆಗಳಿಂದ ಸಿಗುವ ರಕ್ಷಣೆ ದೆಹಲಿಯ ಇಂಟರ್ನ್‌ಗೂ ಸಿಗುತ್ತದೆಯೇ ಎಂದು ಕೇಳಿದ ತಂದೆಯೊಬ್ಬರಿಗೆ ಇಲ್ಲವೆಂದು ನಾನು ನಗದೆ ಉತ್ತರಿಸಿದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ವಿದೇಶಾಂಗ ಸೇವೆಗೆ (ಐಎಫ್ಎಸ್) ನೇರವಾಗಿ ಸೇರುವ ದಾರಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ. ಪೂರ್ವಭಾವಿ ಪರೀಕ್ಷೆಯಲ್ಲಿ ಅರ್ಹರಾದ ಬಳಿಕ ಮುಖ್ಯ ಪರೀಕ್ಷೆಗೆ 1,750 ಅಂಕ, ವ್ಯಕ್ತಿತ್ವ ಪರೀಕ್ಷೆಗೆ 275 ಅಂಕ, ಒಟ್ಟು 2,025. ಇದರಲ್ಲಿ ಇಂಟರ್ನ್‌ಶಿಪ್ ಮಾಡಿದ್ದಕ್ಕೆಂದು ಮೀಸಲಿಟ್ಟ ಅಂಕ ಒಂದೂ ಇಲ್ಲ. ಸಂದರ್ಶನ ಮಂಡಳಿಯವರು ಆ ಅನುಭವದ ಬಗ್ಗೆ ಕೇಳಬಹುದು, ಚೆನ್ನಾಗಿ ಉತ್ತರಿಸಿದರೆ ಒಳ್ಳೆಯ ಅಭಿಪ್ರಾಯ ಮೂಡಬಹುದು, ಅಷ್ಟೇ. ಸಚಿವಾಲಯದೊಳಗೆ ಸಹಾಯಕ ಸೆಕ್ಷನ್ ಅಧಿಕಾರಿಯಾಗಿ ಸೇರಬೇಕೆಂದರೆ ಸಿಬ್ಬಂದಿ ಆಯ್ಕೆ ಆಯೋಗದ ಪದವಿ ಮಟ್ಟದ ಪರೀಕ್ಷೆಯಿದೆ. ಇದು ನಮ್ಮ ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಅಪರೂಪ, ಬಿದ್ದರೂ ರಾಯಭಾರಿಯಾಗುವ ಕನಸಿನವರಿಗೆ ರುಚಿಸುವುದಿಲ್ಲ. ಈ ಹುದ್ದೆಯಲ್ಲಿರುವವರೂ ರಾಯಭಾರ ಕಚೇರಿಗಳಿಗೆ ವರ್ಗವಾಗಿ ವಿದೇಶಗಳಲ್ಲಿ ಕೆಲಸ ಮಾಡುತ್ತಾರೆ ಎಂದು ಹೇಳಿದಾಗ ಮಾತ್ರ ಮುಖ ಸ್ವಲ್ಪ ಅರಳುತ್ತದೆ. ಈ ಎರಡು ಪರೀಕ್ಷೆಗಳಲ್ಲಿ ಯಾವುದಕ್ಕೂ ಇಂಟರ್ನ್‌ಶಿಪ್ ಪ್ರಮಾಣಪತ್ರ ರಿಯಾಯಿತಿ ತಂದುಕೊಡುವುದಿಲ್ಲ. ಸಚಿವಾಲಯವೂ ಉದ್ಯೋಗದ ಭರವಸೆ ಕೊಡುವುದಿಲ್ಲ. ಇಷ್ಟಾದ ಮೇಲೂ ‘ಅಲ್ಲಿನ ಸಾಹೇಬರ ಪರಿಚಯವಾದರೆ...’ ಎಂದು ರಾಗ ಎಳೆಯುವವರಿಗೆ ನನ್ನ ಬಳಿ ಉತ್ತರವಿಲ್ಲ. ಹಣ ಕೊಟ್ಟರೆ ಇಂಟರ್ನ್‌ಶಿಪ್ಪನ್ನೇ ಕೊಡಿಸುತ್ತೇವೆ ಎನ್ನುವವರ ಬಳಿಗೆ ಇವರೇ ಮೊದಲು ಹೋಗುವವರು. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಾಗಿದ್ದರೆ ದೆಹಲಿಯವರೆಗೆ ಹೋಗುವುದೇಕೆ? ಬರವಣಿಗೆ ಕಲಿಯಲು ಎಂದು ನಾನು ಹೇಳಿದರೆ ವಿದ್ಯಾರ್ಥಿಗಳು ನಿರಾಶರಾಗುತ್ತಾರೆ. ಸಚಿವಾಲಯದ ಕೆಲಸ ನಡೆಯುವುದು ವಿಭಾಗಗಳಲ್ಲಿ. ಒಂದೊಂದು ಭೂಪ್ರದೇಶಕ್ಕೆ ಒಂದೊಂದು ವಿಭಾಗ, ಅದರ ಜೊತೆಗೆ ಪಾಸ್‌ಪೋರ್ಟ್ ಮತ್ತು ವೀಸಾ, ಶಿಷ್ಟಾಚಾರ, ಕಾನೂನು ಮತ್ತು ಒಪ್ಪಂದಗಳು, ಇತರ ದೇಶಗಳಿಗೆ ಭಾರತ ಕೊಡುವ ನೆರವನ್ನು ನೋಡಿಕೊಳ್ಳಲು 2012ರಲ್ಲಿ ಆರಂಭವಾದ ಅಭಿವೃದ್ಧಿ ಪಾಲುದಾರಿಕೆ ಆಡಳಿತ ಮುಂತಾದ ವಿಷಯವಾರು ವಿಭಾಗಗಳು. ಅಲ್ಲಿ ಸೆಕ್ಷನ್ ಅಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಥವಾ ನಿರ್ದೇಶಕ, ಅವರ ಮೇಲೆ ಜಂಟಿ ಕಾರ್ಯದರ್ಶಿ ಹೀಗೆ ಕಡತ ಮೇಲೇರುತ್ತದೆ. ಲೋಕಸಭೆಯಲ್ಲಿ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧವಾಗುವುದೂ, ವಿದೇಶಿ ಸಚಿವರೊಬ್ಬರ ಭೇಟಿಗೆ ಮೊದಲು ಹಿನ್ನೆಲೆ ಟಿಪ್ಪಣಿ ಸಿದ್ಧವಾಗುವುದೂ ಇಲ್ಲಿಯೇ. ಇಂಟರ್ನ್‌ಗೆ ಗೋಪ್ಯ ಕಡತ ತೋರಿಸುತ್ತಾರೆಂದು ಯಾರೂ ಭಾವಿಸಬಾರದು. ಬಹಿರಂಗವಾಗಿ ಸಿಗುವ ವರದಿ, ವ್ಯಾಪಾರದ ಅಂಕಿಅಂಶ, ಹಳೆಯ ಜಂಟಿ ಹೇಳಿಕೆ, ಪತ್ರಿಕಾ ಬರಹ ಇವುಗಳನ್ನು ಓದಿ ಸಾರಾಂಶ ಬರೆದುಕೊಡುವುದೇ ಹೆಚ್ಚಿನ ಮಟ್ಟಿಗೆ ಅವರಿಗೆ ಸಿಗುವ ಕೆಲಸ.

ಕೆಲಸ ಸಣ್ಣದೆನಿಸಬಹುದು. ಕಲ್ಯಾಣ ಕರ್ನಾಟಕದ ಹಳ್ಳಿಯೊಂದರಿಂದ ಬಂದು ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಅಲ್ಲಿಂದ ಮರಳಿದ ಮೇಲೆ ಹೇಳಿದ ಪ್ರಸಂಗ ಕೇಳಿ. ಅವಳ ಮೊದಲ ಟಿಪ್ಪಣಿ ‘ಉಭಯ ದೇಶಗಳ ನಡುವೆ ಪ್ರಾಚೀನ ಕಾಲದಿಂದಲೂ ಸೌಹಾರ್ದ ಸಂಬಂಧವಿದೆ’ ಎಂದು ಆರಂಭವಾಗಿತ್ತು. ಪರೀಕ್ಷೆಯಲ್ಲಿ ನಾವು ಅಧ್ಯಾಪಕರು ಇಂಥ ಸಾಲಿಗೆ ಅಂಕ ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಿದ್ದೇವೆ. ಅಲ್ಲಿನ ಅಧಿಕಾರಿ ಅದನ್ನು ಹೊಡೆದುಹಾಕಿ, ಯಾವ ಒಪ್ಪಂದ, ಎಂದು ಸಹಿಯಾಯಿತು, ಜಾರಿಗೆ ಬಂದಿದೆಯೇ, ಬಂದಿಲ್ಲದಿದ್ದರೆ ಯಾವ ಕಡೆ ನಿಂತಿದೆ ಎಂದು ಅಂಚಿನಲ್ಲಿ ಬರೆದು ಹಿಂತಿರುಗಿಸಿದರಂತೆ. ಆರು ಪುಟಗಳಿದ್ದದ್ದು ಕೊನೆಗೆ ಒಂದೂವರೆ ಪುಟವಾಯಿತು, ಆದರೆ ಆ ಒಂದೂವರೆ ಪುಟದಲ್ಲಿ ತೆಗೆದುಹಾಕಬಹುದಾದ ಸಾಲು ಇರಲಿಲ್ಲ. ಅವಳು ಇಂದು ವಿದೇಶಾಂಗ ಸೇವೆಯಲ್ಲಿಲ್ಲ, ಬ್ಯಾಂಕೊಂದರಲ್ಲಿದ್ದಾಳೆ. ಅಲ್ಲಿಯೂ ಮೇಲಧಿಕಾರಿಗಳಿಗೆ ಹೋಗುವ ಟಿಪ್ಪಣಿಗಳನ್ನು ಅವಳಿಂದಲೇ ಬರೆಸುತ್ತಾರಂತೆ. ಇದನ್ನು ಅವಳು ಹೇಳುವಾಗ ಸ್ವಲ್ಪ ಜಂಬವಿತ್ತು, ಇರಲಿ.

ಅರ್ಜಿಯೊಂದಿಗೆ ಬರೆಯುವ ಉದ್ದೇಶ ಪತ್ರ ಕೆಡುವುದು ಕಾಯಂ ಎಂಬ ಆಸೆಯಿಂದಲೇ. ‘ಬಾಲ್ಯದಿಂದಲೂ ಐಎಫ್ಎಸ್ ಅಧಿಕಾರಿಯಾಗುವುದು ನನ್ನ ಕನಸು’ ಎಂದು ತೊಡಗಿ, ಹಿಂದೂ ಮಹಾಸಾಗರದ ಕಾರ್ಯತಂತ್ರವನ್ನು ಎರಡು ವಾಕ್ಯಗಳಲ್ಲಿ ಬಗೆಹರಿಸಿ, ‘ದೇಶದ ವಿದೇಶಾಂಗ ನೀತಿಯನ್ನು ರೂಪಿಸುವ ಅವಕಾಶ ಕೋರುತ್ತೇನೆ’ ಎಂದು ಮುಗಿಯುವ ಪತ್ರಗಳನ್ನು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಮೂರು ತಿಂಗಳಿಗೆ ಬರುವ ಇಪ್ಪತ್ತೊಂದು ವರ್ಷದವರು ನೀತಿ ರೂಪಿಸಲಿ ಎಂದು ಯಾವ ವಿಭಾಗವೂ ಕಾದು ಕುಳಿತಿಲ್ಲ. ತಮಗೇನು ಗೊತ್ತು, ತಮ್ಮಿಂದ ಯಾವ ಕೆಲಸ ಆಗುತ್ತದೆ, ಯಾವುದನ್ನು ಕಲಿಯಬೇಕಾಗಿದೆ ಎಂಬುದನ್ನು ಬರೆದರೆ ಸಾಕು.

ಕರಾವಳಿಯ ವಿದ್ಯಾರ್ಥಿನಿಯೊಬ್ಬಳು ಇಂಡೋ ಪೆಸಿಫಿಕ್, ಅಂದರೆ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ವಲಯದ ಬಗ್ಗೆ ಎಲ್ಲಿಂದಲೋ ಎತ್ತಿಕೊಂಡ ಪತ್ರ ತಂದಿದ್ದಳು. ಮಾತಿನ ನಡುವೆ ಅವಳ ಮನೆಯ ಇಬ್ಬರು ಕೊಲ್ಲಿ ದೇಶದಲ್ಲಿ ಚಾಲಕರಾಗಿದ್ದಾರೆಂದು ತಿಳಿಯಿತು. ಒಬ್ಬರ ಪಾಸ್‌ಪೋರ್ಟ್ ಕೆಲವು ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕಾಗುವ ವರ್ಗದ್ದು, ಇನ್ನೊಬ್ಬರು ಹತ್ತನೇ ತರಗತಿ ಪಾಸಾದ್ದರಿಂದ ಅವರಿಗೆ ಆ ಅನುಮತಿ ಬೇಕಾಗಿರಲಿಲ್ಲ. ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿ ಸರ್ಕಾರ ನಡೆಸುವ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಣಿಯಾಗದ ಏಜೆಂಟನೊಬ್ಬ ಮೊದಲನೆಯವರನ್ನು ಪ್ರವಾಸಿ ವೀಸಾದಲ್ಲಿ ಕಳುಹಿಸಲು ನೋಡಿದ್ದು, ಮನೆಯವರು ತಡೆದದ್ದು, ಮುಂದೆ ಸಂಬಳ ಬಾಕಿಯಾದಾಗ ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ಸಚಿವಾಲಯ ನಡೆಸುವ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದು, ಎಲ್ಲವನ್ನೂ ಅವಳು ಬೆರಳು ಮಡಚಿ ಎಣಿಸುತ್ತ ಹೇಳಿದಳು. ಸಾಗರೋತ್ತರ ಭಾರತೀಯರ ವ್ಯವಹಾರಗಳು 2016ರಿಂದ ವಿದೇಶಾಂಗ ಸಚಿವಾಲಯದಲ್ಲೇ ವಿಲೀನವಾಗಿವೆ, 1983ರ ವಲಸೆ ಕಾಯ್ದೆಯ ಹೊಣೆಯೂ ಅದರದೇ. ಇಷ್ಟು ಗೊತ್ತಿದ್ದೂ ನೀನು ಇಂಡೋ ಪೆಸಿಫಿಕ್‌ನ ಮಲಕ್ಕಾ ಜಲಸಂಧಿಯ ಬಗ್ಗೆ ಬರೆಯುವುದೇಕೆ ಎಂದು ಕೇಳಿದೆ. ‘ಮನೆಯ ವಿಷಯ ಬರೆದರೆ ಚಿಕ್ಕದಾಗಿ ಕಾಣುವುದಿಲ್ಲವೇ ಮೇಡಂ?’ ಎಂದಳು. ನನಗೆ ಅತ್ಯಂತ ಸಿಟ್ಟು ಬರಿಸುವ, ಅತ್ಯಂತ ಪ್ರೀತಿಯನ್ನೂ ಹುಟ್ಟಿಸುವ ಮಾತು ಇದೇ. ಪತ್ರವನ್ನು ಹೊಸದಾಗಿ ಬರೆಸಿದೆ. ಆಯ್ಕೆಗೆ ಹಲವು ಕಾರಣಗಳಿರುತ್ತವೆ, ಪತ್ರವೊಂದರಿಂದಲೇ ಆಯಿತು ಎನ್ನಲಾರೆ. ಸಂದರ್ಶನದಲ್ಲಿ ಮಾತ್ರ ಅವಳನ್ನು ಬಹುಪಾಲು ಕೇಳಿದ್ದು ಈ ವಿಷಯವನ್ನೇ.

ಸಂದರ್ಶನಕ್ಕೆ ಓದಬೇಕಾದದ್ದೂ ದೂರದಲ್ಲಿಲ್ಲ. ಭಾರತ ಮತ್ತು ಒಂದೊಂದು ದೇಶದ ನಡುವಿನ ಸಂಬಂಧಗಳ ಕುರಿತ ಸಂಕ್ಷಿಪ್ತ ಟಿಪ್ಪಣಿಗಳನ್ನು, ಸಂಸತ್ತಿನಲ್ಲಿ ಕೊಟ್ಟ ಉತ್ತರಗಳನ್ನು, ವಾರ್ಷಿಕ ವರದಿಯನ್ನು ಸಚಿವಾಲಯ ತಾನೇ ಪ್ರಕಟಿಸುತ್ತದೆ. ಟಿವಿ ಚರ್ಚೆಗಳನ್ನು ನೋಡಿ ಅಭಿಪ್ರಾಯ ಕಲಿತವರಿಗಿಂತ ಇಂಥ ಎರಡು ಟಿಪ್ಪಣಿಗಳನ್ನು ನಿಧಾನವಾಗಿ ಓದಿದವರು ಹೆಚ್ಚು ತಿಳಿದು ಮಾತನಾಡುತ್ತಾರೆ. ಕಚೇರಿಯಲ್ಲಿ ಕಂಡದ್ದನ್ನು, ಅದು ಎಷ್ಟೇ ಕ್ಷುಲ್ಲಕವೆನಿಸಿದರೂ, ಇನ್‌ಸ್ಟಾಗ್ರಾಂಗೆ ಹಾಕಬಾರದು ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಹಣದ ಬಗ್ಗೆ ಎರಡು ಮಾತು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಭತ್ಯೆಯಿಲ್ಲ, ನಮ್ಮ ನೀತಿ ಆಯೋಗದ್ದೂ ವೇತನರಹಿತವೇ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವಿದ್ಯಾರ್ಥಿ ಇಂಟರ್ನ್‌ಗಳಿಗೆ ವೇತನ ಕೊಡಲಾರಂಭಿಸಿದ್ದು 2022ರಲ್ಲಿ, ಅದೂ ಅಮೆರಿಕದ ಪೌರರಿಗೆ ಮಾತ್ರ. ಆ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿ ನಾವೂ ಹಾಕಬಹುದೇ ಎಂದು ಕೇಳುವವರು ಮೊದಲ ಷರತ್ತನ್ನಾದರೂ ಓದಿ ಬರಬೇಕು. ಇವುಗಳ ನಡುವೆ ನಿಲ್ಲಿಸಿ ನೋಡಿದರೆ ನಮ್ಮ ಸಚಿವಾಲಯದ 10,000 ರೂಪಾಯಿ ಮತ್ತು ವಿಮಾನದ ಖರ್ಚು ಕಡೆಗಣಿಸುವಂಥದ್ದಲ್ಲ, ಆದರೆ ದೆಹಲಿಯ ಬಾಡಿಗೆಗೂ ಊಟಕ್ಕೂ ಅದು ಸಾಲುವುದು ಕಷ್ಟ. ಸರ್ಕಾರಿ ಬಿಲ್ಲು ಪಾಸಾಗುವ ವೇಗ ಎಲ್ಲರಿಗೂ ಗೊತ್ತಿರುವುದರಿಂದ ಕನಿಷ್ಠ ಮೊದಲ ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು, ತಂಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕೊನೆಯದಾಗಿ ಕಾಲೇಜುಗಳಿಗೊಂದು ಮಾತು. ಅಂತಿಮ ವರ್ಷದ ವಿದ್ಯಾರ್ಥಿ ಅರ್ಜಿ ಹಾಕುವಾಗ ತನ್ನ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಎಂದು ತೋರಿಸಬೇಕಾಗಬಹುದು. ಪಠ್ಯಕ್ರಮದ ಆ ಪುಟದ ದೃಢೀಕೃತ ಪ್ರತಿ ಮತ್ತು ಪ್ರಾಂಶುಪಾಲರ ಸಹಿಯಿರುವ ಒಂದು ಪತ್ರವನ್ನು ಪ್ರಕಟಣೆ ಬರುವ ಮೊದಲೇ ಸಿದ್ಧವಾಗಿಟ್ಟರೆ ಕಚೇರಿ ಗುಮಾಸ್ತರ ರಜೆಯ ಕಾರಣಕ್ಕೆ ಕೊನೆಯ ದಿನಾಂಕ ತಪ್ಪುವುದಿಲ್ಲ. ಪತ್ರದಲ್ಲಿ ಕೋರ್ಸು, ಸೆಮಿಸ್ಟರ್, ಕಡ್ಡಾಯ ಅವಧಿ ಇಷ್ಟಿದ್ದರೆ ಸಾಕು. ‘ಈತ ಭವಿಷ್ಯದ ರಾಯಭಾರಿ’ ಎಂದು ಸೇರಿಸುವ ಅಗತ್ಯವಿಲ್ಲ.