ಕಲ್ಲುಗೋರಿ ನಿಂತದ್ದು ಹೇಗೆ? ಬ್ರಹ್ಮಗಿರಿ, ಹಿರೇಬೆಣಕಲ್ ಟಿಪ್ಪಣಿ

ಬೃಹತ್ ಶಿಲಾ ಗೋರಿಗಳ ಪಾಠದಲ್ಲಿ ಹೆಸರುಗಳನ್ನು ಉರು ಹೊಡೆಯುವ ಮೊದಲು ಒಂದು ಗೋರಿ ಬೀಳದೆ ಹೇಗೆ ನಿಂತಿದೆ ಎಂದು ನೋಡಿ. ಅರ್ಧ ಪಾಠ ಅಲ್ಲೇ ಇದೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಸಿಸ್ಟ್‌ಗಳು, ಅಂದರೆ ನೆಲದೊಳಗಿನ ಕಲ್ಲುಪೆಟ್ಟಿಗೆಗಳು, ಒಳ್ಳೆಯ ಮಾದರಿ. ಗುಂಡಿ ತೋಡಿ, ತಳಕ್ಕೊಂದು ಚಪ್ಪಡಿ ಹಾಸಿ, ನಾಲ್ಕು ಬದಿಗೆ ನಾಲ್ಕು ಚಪ್ಪಡಿ ನಿಲ್ಲಿಸಿದ್ದಾರೆ. ಮೂಲೆಗೆ ಮೂಲೆ ಕೂಡಿಸಿಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕ. ಹೊರಗಿನ ಮಣ್ಣು ಒಂದು ಚಪ್ಪಡಿಯನ್ನು ಒಳಕ್ಕೆ ತಳ್ಳಿದರೆ ಪಕ್ಕದ್ದರ ಅಂಚು ಅದನ್ನು ತಡೆಯುತ್ತದೆ, ಗಾರೆಯೇ ಬೇಡ. ನಿಧಿಯಾಸೆಗೆ ಯಾರಾದರೂ ಒಂದನ್ನು ಕಿತ್ತರೆ ಉಳಿದ ಮೂರೂ ಸಡಿಲವಾಗುತ್ತವೆ. ಎಷ್ಟೋ ಗೋರಿಗಳು ಹಾಳಾದದ್ದು ಹೀಗೇ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಮೇಲೆ ಮುಚ್ಚುಗಲ್ಲು, ಸುತ್ತ ಗುಂಡುಕಲ್ಲಿನ ವೃತ್ತ.

ಗಂಗಾವತಿ ಬಳಿಯ ಹಿರೇಬೆಣಕಲ್‌ನಲ್ಲಿ ಸುಮಾರು 400 ರಚನೆಗಳಿವೆ. ಅಲ್ಲಿ ಅನೇಕ ಕಡೆ ಬರಿ ಬಂಡೆ, ಗುಂಡಿ ತೋಡಲಾಗದು. ಹಾಗಾಗಿ ಚಪ್ಪಡಿಗಳು ಬಂಡೆಯ ಮೇಲೇ ನಿಂತು ಡಾಲ್ಮೆನ್, ಅಂದರೆ ನೆಲದ ಮೇಲಿನ ಕಲ್ಲುಕೋಣೆ, ಆಗಿವೆ. ಕಲ್ಲಿಗೆ ದೂರ ಹೋಗಬೇಕಿರಲಿಲ್ಲ. ಗ್ರಾನೈಟ್ ಪದರ ಪದರವಾಗಿ ಏಳುವ ಗುಡ್ಡವದು. ಊರವರು ಮೋರ್ಯರ ಗುಡ್ಡ ಎನ್ನುವುದರಿಂದ ಚಂದ್ರಗುಪ್ತ ಮೌರ್ಯನಿಗೆ ಗಂಟು ಹಾಕಬೇಡಿ; ಜನರ ಮಾತಿನಲ್ಲಿ ಮೋರ್ಯರೆಂದರೆ ಹಿಂದಿನ ಕಾಲದ ಕುಳ್ಳರು.

ಎಲ್ಲರೂ ಎಡವುವ ಜಾಗ: ಮಣ್ಣು ಕೊಚ್ಚಿಹೋದ ಸಿಸ್ಟ್ ಡಾಲ್ಮೆನ್‌ನಂತೆಯೇ ಕಾಣುತ್ತದೆ. ಚಪ್ಪಡಿಯ ಬುಡ ನೋಡಿ. ಮೇಲಿನ ಭಾಗ ಬಿಸಿಲು ಮಳೆಗೆ ಸವೆದು, ಕೆಳಭಾಗದ ಬಣ್ಣ ಬೇರೆಯಾಗಿದ್ದರೆ ಅಲ್ಲೊಮ್ಮೆ ಮಣ್ಣಿತ್ತೆಂದು ಅನುಮಾನಿಸಬೇಕು.

ಕಪ್ಪು-ಕೆಂಪು ಮಡಕೆ ಸಿಕ್ಕಿತೆಂದು ಕಾಲ ಬರೆದುಬಿಡುವುದೂ ತಪ್ಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಒಳಮೈ, ಬಾಯಂಚು ಕಪ್ಪಾಗುತ್ತವೆ, ಹೊರಮೈ ಕೆಂಪಾಗುತ್ತದೆ. ಈ ವಿಧಾನ ಶತಮಾನಗಟ್ಟಲೆ ನಡೆದಿದೆ. ಕಾಲ ತಿಳಿಯಲು, ಇಂಗಾಲ ಪರೀಕ್ಷೆಗೆ, ಗೋರಿಯೊಳಗಿನ ಕದಡದ ಪದರದ ಇದ್ದಿಲು ಬೇಕು.

ಒಳಗೆ ಇಡೀ ಅಸ್ಥಿಪಂಜರ ಹುಡುಕಬೇಡಿ. ಬ್ರಹ್ಮಗಿರಿ ಸಿಸ್ಟ್‌ಗಳಲ್ಲಿ ಇದ್ದದ್ದು ಆಯ್ದ ಮೂಳೆಗಳು, ಕೆಲವೆಡೆ ಒಬ್ಬರಿಗಿಂತ ಹೆಚ್ಚು ಜನರವು. ಪಕ್ಕದ ಗುಂಡಿವೃತ್ತಗಳಲ್ಲಿ, ಅಂದರೆ ಸುತ್ತ ಕಲ್ಲಿನ ವೃತ್ತವಿರುವ ಗುಂಡಿಗಳಲ್ಲಿ, ಮೂಳೆಯಿಲ್ಲ; ತಳದಲ್ಲಿ ಮಂಚದ ಕಾಲಿಗೆ ಇಟ್ಟಂತೆ ನಾಲ್ಕು ಕಲ್ಲು. ಶವವನ್ನು ಮೊದಲು ಅಲ್ಲಿ ಚಟ್ಟದ ಮೇಲೆ ಮಲಗಿಸಿ, ಮಾಂಸ ಕಳೆದ ಮೇಲೆ ಮೂಳೆಯನ್ನು ಸಿಸ್ಟ್‌ಗೆ ಸೇರಿಸುತ್ತಿದ್ದರೆಂಬುದು ವೀಲರ್ ಊಹೆ.