ಮಧುಮೇಹಿಗಳ ಹೃದಯಕ್ಕೆ ಬೈಪಾಸೋ, ಸ್ಟೆಂಟೋ: ಒಂದು ವಾದದ ಹಿನ್ನೆಲೆ

ಆಂಜಿಯೋಗ್ರಾಂನಲ್ಲಿ ಹೃದಯದ ಮೂರೂ ಮುಖ್ಯ ರಕ್ತನಾಳಗಳಲ್ಲಿ ಬ್ಲಾಕ್ ಕಂಡುಬಂದಾಗ, ಎದೆ ತೆರೆದು ಬೈಪಾಸ್ ಮಾಡಿಸುವ ಬದಲು ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡರೆ ಸಾಲದೇ ಎಂದು ಮನೆಯವರು ಕೇಳುವುದು ಸಹಜ. ರೋಗಿಗೆ ಸಕ್ಕರೆ ಕಾಯಿಲೆಯಿದ್ದರೆ ಈ ಪ್ರಶ್ನೆಗೆ ಬೇರೆಯೇ ಉತ್ತರವಿದೆ ಎಂದು ವೈದ್ಯಲೋಕಕ್ಕೆ ಮನವರಿಕೆಯಾಗಲು ದಶಕಗಳೇ ಹಿಡಿದವು.

1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅರ್ಜೆಂಟೀನಾದ ಶಸ್ತ್ರವೈದ್ಯ ರೆನೆ ಫವಲೋರೊ ಕಾಲಿನ ರಕ್ತನಾಳವನ್ನು ಬಳಸುವ ಬೈಪಾಸ್ ವಿಧಾನವನ್ನು ರೂಢಿಗೆ ತಂದರು. ಹತ್ತು ವರ್ಷಗಳ ನಂತರ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನ್ ಆಂಜಿಯೋಪ್ಲಾಸ್ಟಿ, ಅಂದರೆ ನಾಳದೊಳಗೆ ಪುಟ್ಟ ಬಲೂನ್ ಉಬ್ಬಿಸಿ ಬ್ಲಾಕ್ ಅಗಲಿಸುವ ವಿಧಾನವನ್ನು, ಮಾಡಿ ತೋರಿಸಿದರು; ಸ್ಟೆಂಟ್ ಇದೇ ವಿಧಾನದ ಮುಂದುವರಿಕೆ. ಇವೆರಡರಲ್ಲಿ ಯಾವುದು ಮೇಲೆಂದು ತಿಳಿಯಲು ಅಮೆರಿಕದಲ್ಲಿ 'ಬ್ಯಾರಿ' ಅಧ್ಯಯನ ನಡೆಯಿತು. ಒಟ್ಟು ರೋಗಿಗಳನ್ನು ತೆಗೆದುಕೊಂಡರೆ ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಮಧುಮೇಹಕ್ಕೆ ಔಷಧ ಪಡೆಯುತ್ತಿದ್ದವರಲ್ಲಿ, ಐದು ವರ್ಷಗಳ ನಂತರ ಬದುಕಿದ್ದವರು ಬೈಪಾಸ್ ಗುಂಪಿನಲ್ಲಿ ಶೇ. 80.6, ಬಲೂನ್ ಗುಂಪಿನಲ್ಲಿ ಶೇ. 65.5 ಮಾತ್ರ. ಈ ಅಂತರ ಎಷ್ಟು ಕಳವಳಕಾರಿಯಾಗಿತ್ತೆಂದರೆ, ಪೂರ್ಣ ವರದಿ ಪ್ರಕಟವಾಗುವ ಮೊದಲೇ, 1995ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ರಾಷ್ಟ್ರೀಯ ಹೃದಯ ಸಂಸ್ಥೆ ವೈದ್ಯರಿಗೆ ಎಚ್ಚರಿಕೆ ನೀಡಿತು.

ಕಾರಣ ರಕ್ತನಾಳಗಳಲ್ಲೇ ಇದೆ. ಮಧುಮೇಹಿಗಳಲ್ಲಿ ಕೊಬ್ಬು ಒಂದೆರಡು ಕಡೆ ನಿಲ್ಲದೆ ನಾಳದ ಉದ್ದಕ್ಕೂ ಹರಡಿಕೊಂಡಿರುತ್ತದೆ. ಸ್ಟೆಂಟ್ ತಾನು ಕುಳಿತ ಜಾಗವನ್ನಷ್ಟೇ ತೆರೆದಿಡುತ್ತದೆ. ಬೈಪಾಸ್ ನಾಳವನ್ನು ಅಡಚಣೆಯನ್ನು ದಾಟಿ ಕೆಳಗೆ ಜೋಡಿಸುವುದರಿಂದ, ಮೇಲ್ಭಾಗದಲ್ಲಿ ಮುಂದೆ ಹುಟ್ಟುವ ಹೊಸ ಬ್ಲಾಕ್‌ಗಳಿದ್ದರೂ ರಕ್ತ ತಲುಪುತ್ತದೆ. ಅದರಲ್ಲೂ ಎದೆಗೂಡಿನ ಒಳಗೋಡೆಯ ಎಡ ಅಪಧಮನಿಯನ್ನು ಜೋಡಿಸಿದರೆ ಅದು ಕಾಲಿನ ನಾಳಕ್ಕಿಂತ ಬಹುಕಾಲ ಬಾಳುತ್ತದೆ.

ನಾಳ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುವ ಔಷಧಲೇಪಿತ ಸ್ಟೆಂಟ್‌ಗಳು ಬಂದಾಗ ಹಳೆಯ ಲೆಕ್ಕ ಮುಗಿಯಿತೆಂದು ಹಲವರು ನಂಬಿದರು. ಹಾಗಾಗಲಿಲ್ಲ. 1,900 ಮಧುಮೇಹಿಗಳನ್ನು ಒಳಗೊಂಡು 2012ರಲ್ಲಿ ಪ್ರಕಟವಾದ 'ಫ್ರೀಡಂ' ಅಧ್ಯಯನದಲ್ಲಿ ಐದು ವರ್ಷಗಳ ಮರಣ ಪ್ರಮಾಣ ಸ್ಟೆಂಟ್ ಪಡೆದವರಲ್ಲಿ ಶೇ. 16.3, ಬೈಪಾಸ್ ಆದವರಲ್ಲಿ ಶೇ. 10.9. ಆದರೆ ಪಾರ್ಶ್ವವಾಯು ಬೈಪಾಸ್ ಗುಂಪಿನಲ್ಲೇ ಹೆಚ್ಚು: ಶೇ. 5.2, ಇನ್ನೊಂದರಲ್ಲಿ ಶೇ. 2.4. ಈ ಅಪಾಯವನ್ನು ಮುಚ್ಚಿಟ್ಟು ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು ಸರಿಯಲ್ಲ.

ಎದೆಮೂಳೆಯ ಗಾಯಕ್ಕೆ ಸೋಂಕು ತಗಲುವ ಭಯವೂ ಮಧುಮೇಹಿಗಳಿಗೆ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಐಸಿಯುನಲ್ಲಿ ಇನ್ಸುಲಿನ್ ಅನ್ನು ಡ್ರಿಪ್ ಮೂಲಕ ನಿರಂತರವಾಗಿ ಕೊಟ್ಟು, ಆಗಾಗ್ಗೆ ಸಕ್ಕರೆ ಪರೀಕ್ಷಿಸುವ ಕ್ರಮ ಬಂದದ್ದು ಈ ಸೋಂಕನ್ನು ತಗ್ಗಿಸಲೆಂದೇ. ಹೀಗಾಗಿ ಮಾತ್ರೆಯಲ್ಲೇ ಸಕ್ಕರೆ ಹತೋಟಿಯಲ್ಲಿದ್ದವರಿಗೂ ಆ ಕೆಲವು ದಿನ ಇನ್ಸುಲಿನ್ ಬೇಕಾಗಬಹುದು. ಅದನ್ನು ಕಂಡು ಕಾಯಿಲೆ ಉಲ್ಬಣಿಸಿತೆಂದು ಮನೆಯವರು ಗಾಬರಿಪಡಬೇಕಿಲ್ಲ.